ಗಂಧ ಹಚ್ಚಿದ ತಲೆ

"ಏನೇ, ಮೊದ್ಲನೇದು ಸಾಕಾಗ್ಲಿಲ್ಲ ಅಂತ ಎರಡ್ನೇದನ್ನೂ ಹೆತ್ತು ಕಳಿಸಿದೀಯಾ? ನಿಮ್ಮ ಮನೇಲಿ ಮಕ್ಳು ಹುಟ್ಟೋದೇ ನಮ್ಮ ಹೋಮ್‌ಗೆ ಅಂತಾನಾ?"

ಹಾಗೆನ್ನುತ್ತಲೇ, ಹುಚ್ಚಮ್ಮ ಮಗನಿಗೆಂದು ತಂದಿದ್ದ ಚಕ್ಕುಲಿ ಪೊಟ್ಟಣವನ್ನು ಸೂಪರಿಂಟೆಂಡೆಂಟ್ ವೀರೇಂದ್ರ ಬಿಚ್ಚಿದ. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ, ಉಳಿದದ್ದನ್ನು ಮೇಜಿನ ಮೇಲೆ ತನ್ನ ಬದಿಗೆ ಸರಿಸಿದ. ಅಲ್ಲಿ ಅದಕ್ಕೆ ಪರಿಶೀಲನೆ ಎಂದು ಹೆಸರು. ತಾಯಂದಿರು ಹೊತ್ತು ತಂದದ್ದೆಲ್ಲ ಆ ಮೇಜಿನ ಮೇಲೆ ಪರಿಶೀಲನೆಯಾಗಿ ಅಲ್ಲೇ ಮುಗಿದುಹೋಗುತ್ತಿತ್ತು.

ಶಿವಮೊಗ್ಗದ ಹೊರಗೆ ಒಂದು ಟ್ರಸ್ಟಿನವರು ನಡೆಸುವ ಹೋಮು ಅದು. ಹದಿನೆಂಟು ತುಂಬದ ಹುಡುಗರು ಕಳ್ಳತನವೋ ಹೊಡೆದಾಟವೋ ಮಾಡಿ ಸಿಕ್ಕಿಬಿದ್ದರೆ, ಕೇಸು ಮುಗಿಯುವ ತನಕ ಅಲ್ಲಿಡುತ್ತಿದ್ದರು. ಗೋಡೆಯ ಮೇಲೆ 'ಮಗುವೇ ದೇವರು' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಆ ಹೊತ್ತಿನಲ್ಲಿ ದೇವರುಗಳು ಹಿಂದುಗಡೆ ಕಕ್ಕಸು ತೊಳೆಯುತ್ತಿದ್ದರು.

ಗುರು ಬಂದ. ಹದಿನೈದರ ಹುಡುಗ. ತಲೆ ನುಣ್ಣಗೆ ಬೋಳಿಸಿದ್ದರು. ಒಂದು ಕೈಯಲ್ಲಿ ಗೋಡೆ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ತನ್ನ ಚಪ್ಪಲಿ ಹಿಡಿದಿದ್ದ. ಪಾದದ ಅಂಚನ್ನಷ್ಟೇ ನೆಲಕ್ಕೆ ಊರಿಕೊಂಡು ಬಂದು ಬೆಂಚಿನ ಮೇಲೆ ಕುಸಿದ.

"ಚಪ್ಲಿ ಯಾಕೋ ಕೈಯಲ್ಲಿ?"

"ಕಾಲಿಗೆ ಹಿಡಿಸ್ತಿಲ್ಲ ಕಣವ್ವ."

"ಕ್ರಿಕೆಟ್ ಆಡ್ತಾ ಬಿದ್ದವ್ನೆ," ಎಂದ ವೀರೇಂದ್ರ, ಚಕ್ಕುಲಿ ಅಗಿಯುತ್ತಲೇ. "ಅಲ್ವೇನೋ?"

"ಹೂಂ ಸಾರ್. ಕ್ರಿಕೆಟ್ಟು."

ಹುಚ್ಚಮ್ಮ ಮಗನ ಕಾಲು ಮುಟ್ಟಲು ಬಗ್ಗಿದಳು. ಗುರು ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ. "ಟೈಮ್ ಆಯ್ತು, ಎದ್ದೇಳು," ಎಂದ ವೀರೇಂದ್ರ.

ಹಿರಿಮಗ ನಿಶಾಂತ್ ಗೇಟಿನ ಆಚೆ, ರಸ್ತೆಯ ಆ ಬದಿಯಲ್ಲಿ ನಿಂತಿದ್ದ. ತಮ್ಮನನ್ನು ನೋಡಲು ತಾಯಿಯನ್ನು ಬೈಕಿನಲ್ಲಿ ಕರೆತಂದಿದ್ದನೇ ಹೊರತು ಗೇಟು ದಾಟಿರಲಿಲ್ಲ. ಹತ್ತೊಂಬತ್ತು ತುಂಬಿದ ಗಟ್ಟಿ ಆಳು, ಸವಳಂಗ ರಸ್ತೆಯ ವಾಟರ್ ಸರ್ವಿಸ್ ಅಂಗಡಿಯಲ್ಲಿ ಕಾರು ತೊಳೆಯುತ್ತಾನೆ. ಬಿಸಿಲಿರಲಿ, ಮನೆಯೊಳಗಿರಲಿ, ತಲೆಯ ಮೇಲಿನ ಟೋಪಿ ತೆಗೆಯುವುದಿಲ್ಲ. ಹದಿನಾರರಲ್ಲಿ, ಮುಚ್ಚಿದ ಕಾರ್ಖಾನೆಯ ಖಾಲಿ ಕ್ವಾರ್ಟರ್ಸಿನಿಂದ ತಾಮ್ರದ ವೈರು ಕಿತ್ತ ಎಂದು ಹಿಡಿದು ಇದೇ ಹೋಮಿನಲ್ಲಿ ಇಟ್ಟಿದ್ದರು. ಅಲ್ಲಿ ಏನಾಯಿತೆಂದು ಅವನು ಹೇಳಿರಲಿಲ್ಲ, ಹುಚ್ಚಮ್ಮ ಕೇಳಿರಲೂ ಇಲ್ಲ.

"ಚಪ್ಲಿ ಕೈಯಲ್ಲಿ ಹಿಡ್ಕೊಂಡು ಬಂದ ಕಣೋ," ಎಂದಳು.

ನಿಶಾಂತ್ ರಸ್ತೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಪೈಪು," ಎಂದ. "ನೀರಿನ ಪೈಪ್‌ಗೆ ಮರಳು ತುಂಬಿ ಅಂಗಾಲಿಗೆ ಹೊಡಿತಾರೆ. ಮೇಲ್ಗಡೆ ಏನೂ ಕಾಣಲ್ಲ. ಆ ಸೂಳೆಮಗ ವೀರೇಂದ್ರ ಹೊಡಿಯೋವಾಗ ಎಣಿಸು ಅಂತಾನೆ. ಎಣಿಕೆ ತಪ್ಪಿದ್ರೆ ಮತ್ತೆ ಮೊದ್ಲಿಂದ."

"ನಿಂಗೂನಾ?"

"ಮತ್ತೆ? ನನ್ ತಲೆ ನಲ್ಲಿ ಕಟ್ಟೆಗೆ ಜಜ್ಜಿದ್ದು ಯಾರು ಅನ್ಕೊಂಡಿದೀಯ? ನಿಂಗೊತ್ತಿರಲಿಲ್ವಾ? ನೀನೇ ಅಲ್ವಾ ಅದ್ರ ಮೇಲೆ ಗಂಧ ಬಳಿದಿದ್ದು?"

ಹೌದು, ಅವಳೇ ಬಳಿದಿದ್ದಳು. ಅದನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಜಗದಾಂಬಮ್ಮನವರ ದೊಡ್ಡ ಮನೆ, ಅದರ ಹಿಂದೆ ಅವರದೇ ಸಾಲುಮನೆ. ಕೊನೆಯ ಕೋಣೆ ಹುಚ್ಚಮ್ಮನದು. ಗಂಡ ಪುಟ್ಟಯ್ಯ ಕಾರ್ಖಾನೆಯ ಗುತ್ತಿಗೆ ಆಳಾಗಿದ್ದು, ಕೆಲಸ ಹೋದ ಮೇಲೆ ಕುಡಿದೇ ಸತ್ತ. ಅಂದಿನಿಂದ ಜಗದಾಂಬಮ್ಮನ ಅಂಗಳ ಗುಡಿಸುವುದು, ಕೊಟ್ಟಿಗೆ ಬಾಚುವುದು, ಬಚ್ಚಲು ತಿಕ್ಕುವುದು ಹುಚ್ಚಮ್ಮನ ಪಾಲಿಗೆ ಬಂತು. ಹಿಂದಿನ ಕಾಲದಲ್ಲಿ ಅವಳ ಜಾತಿಯವರಿಗೆ ಕಾಫಿ ಕೊಡಲು ಗೋಡೆಯ ಗೂಡಿನಲ್ಲಿ ಬೇರೆ ಲೋಟ ಇಡುತ್ತಿದ್ದರು. ಜಗದಾಂಬಮ್ಮ ಕಾಲಕ್ಕೆ ತಕ್ಕಂತೆ ಬದಲಾದವರು. ಈಗ ಪೇಪರ್ ಲೋಟದಲ್ಲಿ ಕೊಡುತ್ತಾರೆ.

ಹೋಮಿಗೆ ಹೋದ ಹುಡುಗನ ಮನೆ ಎಂದು ಗೊತ್ತಾದರೆ ಕೋಣೆಯೂ ಇಲ್ಲ, ಕೆಲಸವೂ ಇಲ್ಲ. ಅದಕ್ಕೇ ಹುಚ್ಚಮ್ಮ, ನಿಶಾಂತ್ ನಂಜನಗೂಡಿನ ಕಡೆ ತನ್ನ ಅಣ್ಣನ ಮನೆಗೆ ಕೂಲಿಗೆ ಹೋಗಿದ್ದಾನೆ ಎಂದು ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಬಿಡುಗಡೆಯಾದ ದಿನ ನೋಡಿದರೆ ಮಗನ ತಲೆ ಬೋಳು, ನೆತ್ತಿಯ ಮೇಲೆ ಅಂಗೈಯಗಲ ಗಾಯ. ರಕ್ತ ನಿಲ್ಲಲೆಂದು ಹೋಮಿನ ಅಡುಗೆಯವನು ತುಂಬಿದ್ದ ಕಾಫಿಪುಡಿ ಅಲ್ಲೇ ಕಟ್ಟಿಕೊಂಡು ಕೀವು ತುಂಬಿತ್ತು. ಬಸ್‌ಸ್ಟ್ಯಾಂಡಿನಲ್ಲೇ ಅವಳಿಗೆ ಉಪಾಯ ಹೊಳೆಯಿತು. ಬೋಳು ತಲೆಗೆ ನಂಜನಗೂಡಿನ ಮುಡಿ ಹರಕೆ ಎಂದರಾಯಿತು. ಮುಡಿ ಕೊಟ್ಟವರು ತಲೆಗೆ ಗಂಧ ಹಚ್ಚಿಕೊಂಡೇ ಬರುವುದಲ್ಲವೇ? ಗ್ರಂಥಿಗೆ ಅಂಗಡಿಯಿಂದ ಗಂಧದ ಪುಡಿ ತಂದಳು, ನಲ್ಲಿಯ ನೀರಲ್ಲಿ ಕಲಸಿದಳು, ಹಸಿ ಗಾಯದ ಮೇಲೆ ದಪ್ಪಗೆ ಬಳಿದಳು. ಹುಡುಗ ಹಲ್ಲು ಕಚ್ಚಿದ. "ತಡ್ಕೋ, ಮನೆ ಮುಟ್ಟೋ ತಂಕ ತಡ್ಕೋ," ಎಂದಿದ್ದಳು.

ಮುಡಿ ಕೊಟ್ಟು ಬಂದ ಮೇಲೆ ಪ್ರಸಾದ ಹಂಚಬೇಕಲ್ಲ. ಅದನ್ನೂ ಬಿಡಲಿಲ್ಲ. ಕಡಲೆ ಹುರಿದು, ಬೆಲ್ಲ, ಕೊಬ್ಬರಿ, ಎಳ್ಳು ಸೇರಿಸಿ ತನ್ನ ಒಲೆಯ ಮೇಲೆಯೇ ಪಂಚಕಜ್ಜಾಯ ಮಾಡಿದಳು. ಬಾಳೆಲೆಯಲ್ಲಿ ಕಟ್ಟಿ ಮನೆಮನೆಗೆ ಕೊಟ್ಟಳು. ಜಗದಾಂಬಮ್ಮ ಮೊದಲ ಸಲ ಅವಳ ಕೈಯಿಂದ ಒಂದು ವಸ್ತು ತೆಗೆದುಕೊಂಡು, ಎರಡೂ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು. "ಶ್ರೀಕಂಠ ನಿನ್ನ ಮಗನಿಗೆ ಒಳ್ಳೇದು ಮಾಡ್ಲಿ ಮಾರಾಯ್ತಿ," ಎಂದು ಹರಸಿದರು. ಆ ರಾತ್ರಿ ನಿಶಾಂತನಿಗೆ ಜ್ವರ ಏರಿತು. ಗಂಧ ತೊಳೆದರೆ ಗಾಯ ಕಂಡೀತು ಎಂದು ಹುಚ್ಚಮ್ಮ ಮೂರು ದಿನ ತೊಳೆಯಲಿಲ್ಲ.

ಹೀಗೆ ಉಳಿಸಿಕೊಂಡ ಮರ್ಯಾದೆ ಅದು. ಮರ್ಯಾದೆಯನ್ನೇನೋ ಉಳಿಸಿಕೊಂಡಳು, ಪೊಲೀಸರ ನೆನಪಿನಿಂದ ಮನೆಯನ್ನು ಉಳಿಸಿಕೊಳ್ಳಲಾಗಲಿಲ್ಲ. ಮೊಬೈಲ್ ಅಂಗಡಿಯಲ್ಲಿ ಕಳುವಾದಾಗ, "ಆ ವೈರ್ ಕಳ್ಳನ ತಮ್ಮ ಅಲ್ವಾ ಇವ್ನು?" ಎಂದು ಗುರುವನ್ನು ಎತ್ತಿಕೊಂಡು ಹೋದರು. ಮನೆಯಲ್ಲಿ ಅಣ್ಣನೇ ಹಳೇ ಕಳ್ಳ, ಹುಡುಗ ಕೆಟ್ಟ ಸಹವಾಸಕ್ಕೆ ಬೀಳುತ್ತಾನೆ ಎಂದು ಅವರು ಬರೆದ ರಿಪೋರ್ಟಿನಿಂದ ಬೇಲೂ ಸಿಗಲಿಲ್ಲ. ಕೇರಿಗೆ ಹುಚ್ಚಮ್ಮ ಈ ಸಲವೂ ಅಣ್ಣನ ಮನೆಯ ಕತೆಯನ್ನೇ ಹೇಳಿದ್ದಳು.

ಹೋಮಿನಿಂದ ಬಂದ ಮಾರನೆಯ ದಿನ ತಾಯಿ ಮಗ ಇಬ್ಬರೂ ಶಿವಮೊಗ್ಗದ ಠಾಣೆಗೆ ಹೋದರು. "ನಿಮ್ಮೂರು ಭದ್ರಾವತಿ ತಾನೇ? ಅಲ್ಲಿ ಕೊಡಿ," ಎಂದರು. ಭದ್ರಾವತಿಯ ಠಾಣೆಯಲ್ಲಿ ಎಎಸ್‌ಐ, "ಹೋಮ್ ಇರೋದು ಶಿವಮೊಗ್ಗ. ಇಲ್ಲ್ಯಾಕೆ ಬಂದ್ರಿ?" ಎಂದ. ನಿಶಾಂತ್ ಟೋಪಿ ತೆಗೆದು ಕೂದಲು ಸರಿಸಿ ತೋರಿಸಲು ಹೋದ.

"ಏಯ್, ಹಾಕ್ಕೊಳ್ಳೋ ಟೋಪಿ. ಹೇನು ಉದುರೀತು. ಮೂರು ವರ್ಷದ ಮೇಲೆ ನೆನಪಾಯ್ತಾ ನಿಂಗೆ? ಟೈಮ್ ಬಾರ್ ಆಗಿದೆ, ಗೊತ್ತಾ? ಕಳ್ಳನನ್ನ ಒಳಗಿಟ್ಟು ಮುದ್ದು ಮಾಡ್ತಾರಾ? ನಾನಾಗಿದ್ರೆ ಕೈ ಮುರಿತಿದ್ದೆ. ನಡಿ, ನಡಿ."

ಪೆನ್ನು ಅವನ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ.

ವಾಟರ್ ಸರ್ವಿಸ್‌ಗೆ ಕಾರು ಬಿಡುತ್ತಿದ್ದ ವಕೀಲರೊಬ್ಬರು ದಾರಿ ಹೇಳಿದರು. ಶಿವಮೊಗ್ಗದ ಕೋರ್ಟಿನಲ್ಲಿ ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಚೇರಿ ಇದೆಯಂತೆ. ಅಲ್ಲಿ ಸಿಕ್ಕವಳು ಮಂಜುಶ್ರೀ. ಚಿಕ್ಕ ವಯಸ್ಸು, ಮೇಜಿನ ತುಂಬ ಫೈಲು, ಊಟದ ಡಬ್ಬಿ ತೆರೆದಿದ್ದರೂ ತಿಂದಿರಲಿಲ್ಲ. ನಿಶಾಂತನ ತಲೆಯನ್ನು ಎದ್ದು ಬಂದು ನೋಡಿದಳು. ಮೂರು ವರ್ಷದಲ್ಲಿ ಅದನ್ನು ಹಾಗೆ ನೋಡಿದ ಮೊದಲನೆಯವಳು ಅವಳೇ.

"ಟೈಮ್ ಬಾರ್ ಅಂತ ಯಾರಮ್ಮ ಹೇಳಿದ್ದು? ಮಕ್ಕಳನ್ನ ನೋಡ್ಕೋಬೇಕಾದವರೇ ಹಿಂಸೆ ಕೊಟ್ರೆ ಬಾಲನ್ಯಾಯ ಕಾಯ್ದೇಲಿ ಐದು ವರ್ಷದವರೆಗೂ ಜೈಲಿದೆ. ಅಷ್ಟು ದೊಡ್ಡ ತಪ್ಪಿಗೆ ಟೈಮ್ ಬಾರ್ ಇಲ್ಲ. ಯಾವ ಠಾಣೇಲಿ ಕೊಟ್ರೂ ತಗೋಬೇಕು. ತಗೊಳ್ಳಲಿಲ್ವಾ, ಎಸ್ಪಿಗೆ ಪೋಸ್ಟಲ್ಲಿ ಕಳಿಸೋಣ. ಅಲ್ಲೂ ಆಗಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಮುಂದೆ ನಾವೇ ದೂರು ಹಾಕೋಣ. ಬೆಂಗಳೂರಲ್ಲಿ ಮಕ್ಕಳ ಹಕ್ಕುಗಳ ಆಯೋಗ ಇದೆ, ಪರಿಹಾರ ಕೇಳೋಕೆ ಹೈಕೋರ್ಟ್ ಇದೆ."

"ಅದ್ಕೆಲ್ಲ ಎಷ್ಟು ದಿನ ಆಗ್ತದವ್ವ?"

ಮಂಜುಶ್ರೀ ಸುಳ್ಳು ಹೇಳಲಿಲ್ಲ. "ವರ್ಷಗಟ್ಟಲೆ. ಆದ್ರೆ ಗುರುಗೆ ಅಷ್ಟು ದಿನ ಇಲ್ಲ. ಅವನನ್ನ ಅಲ್ಲಿಂದ ಬೇರೆ ಕಡೆ ಕಳಿಸಿ ಅಂತ ಬಾಲನ್ಯಾಯ ಮಂಡಳಿಗೆ ನಾಳೇನೇ ಅರ್ಜಿ ಕೊಡ್ತೀನಿ. ಅಣ್ಣನಿಗೂ ಇದೇ ಆಗಿತ್ತು ಅಂತ ನಿಶಾಂತ್ ಪ್ರಮಾಣ ಮಾಡಿ ಹೇಳ್ಬೇಕು. ಹೇಳ್ತೀಯಾ?"

ನಿಶಾಂತ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತ, "ಹೇಳ್ತೀನಿ ಮೇಡಂ," ಎಂದ. ಅವನ ಬಾಯಿಂದ ಅಷ್ಟು ಹೊರಡಿಸಲು ತಮ್ಮನ ಅಂಗಾಲು ಒಡೆಯಬೇಕಾಯಿತು.

ಮಂಡಳಿಯವರು ಪೊಲೀಸರಿಂದ ವರದಿ ಕೇಳಿದರು. ವರದಿ ಬಂದ ಶುಕ್ರವಾರ ಮಂಜುಶ್ರೀ ಹುಚ್ಚಮ್ಮನನ್ನು ಕರೆಸಿದಳು. ಅವಳ ಮುಖ ಇಳಿದಿತ್ತು.

"ಜಗದಾಂಬಾ ಅಂದ್ರೆ ಯಾರಮ್ಮ?"

"ನಮ್ಮ ಮನೆ ಓನರ್ರು."

"ಪೊಲೀಸರಿಗೆ ಅವರು ಹೇಳಿಕೆ ಕೊಟ್ಟಿದಾರೆ. ಪೊಲೀಸರು ಅವರ ಹತ್ರ ಹೋಮ್ ಮಾತೇ ಎತ್ತಿಲ್ಲ. ನಿಶಾಂತ್ ನಂಜನಗೂಡಿಂದ ಮುಡಿ ಕೊಟ್ಟು ಬಂದಿದ್ದ, ಬಂದ ದಿನಾನೇ ನಾನು ನೋಡ್ದೆ, ತಲೆ ಚೆನ್ನಾಗಿತ್ತು, ಗಂಧ ಹಚ್ಚಿತ್ತು, ಗಾಯ ಗೀಯ ಏನೂ ಇರಲಿಲ್ಲ, ತಾಯಿ ಪ್ರಸಾದನೂ ಕೊಟ್ಳು ಅಂತ. ಹೋಮ್‌ನೋರು ಅದನ್ನೇ ಹಿಡ್ಕೊಂಡಿದಾರೆ. ಹುಡುಗ ಆಮೇಲೆಲ್ಲೋ ತಲೆ ಒಡ್ಕೊಂಡಿದಾನೆ, ತಾಯಿ ಮಗ ಸೇರಿ ಕತೆ ಕಟ್ಟಿದಾರೆ ಅಂತಾರೆ. ಗುರು ಕಾಲಿಗೂ ಕ್ರಿಕೆಟ್ ಅಂತ ಅವರ ಡಾಕ್ಟರೇ ಬರೆದಿದಾರೆ. ಸೋಮವಾರ ಮಂಡಳಿ ಕೂರುತ್ತೆ. ಆವತ್ತು ನಿಶಾಂತನ ಮಾತು ಬಿದ್ದುಹೋದ್ರೆ ಗುರು ಅಲ್ಲೇ."

ಮಗನನ್ನು ಹೊಡೆದವನು ವೀರೇಂದ್ರ, ಆ ಹೊಡೆತವನ್ನು ಅಳಿಸಿ ಕೊಟ್ಟವಳು ತಾನು. ಎರಡನೆಯವನನ್ನು ಅವನ ಕೈಗೆ ಕೊಟ್ಟವಳೂ ತಾನೇ ಎಂದು ಅನ್ನಿಸಿ ಹುಚ್ಚಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಎದೆ ಬಡಿದುಕೊಂಡು ಅತ್ತಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಭಾನುವಾರ ಬೆಳಿಗ್ಗೆ ಜಗದಾಂಬಮ್ಮನ ಮನೆಯಲ್ಲಿ ಶ್ರಾವಣದ ಭಜನೆ. ಪಡಸಾಲೆ ತುಂಬ ರೇಷ್ಮೆ ಸೀರೆಯ ಹೆಂಗಸರು. ಹುಚ್ಚಮ್ಮ ಆ ದಿನ ಹಿತ್ತಲಿಗೆ ಹೋಗಲಿಲ್ಲ. ನಿಶಾಂತನನ್ನು ಕರೆದುಕೊಂಡು ಮುಂಬಾಗಿಲಿಗೆ ಬಂದು ನಿಂತಳು.

"ಇದೇನೇ ಮುಂದ್ಗಡೆ? ಕೊಟ್ಟಿಗೆ ಬಾಚಿದ್ಯಾ?" ಎಂದರು ಜಗದಾಂಬಮ್ಮ.

"ಅಮ್ಮಾರೇ, ಪೊಲೀಸ್ನೋರಿಗೆ ಹೇಳಿದ್ದನ್ನ ಒಂದ್ಸಲ ತಿದ್ದಿ ಹೇಳ್ಬೇಕು ನೀವು. ನನ್ ಮಗ ನಂಜನಗೂಡಿಗೆ ಹೋಗಿರಲಿಲ್ಲ. ಹೋಮ್‌ನಲ್ಲಿದ್ದ. ಅವನ ತಲೆ ಒಡೆದು ಕಳಿಸಿದ್ರು. ಗಂಧದ ಕೆಳಗೆ ಗಾಯ ಇತ್ತು."

ತಾಳ ನಿಂತಿತು. ಜಗದಾಂಬಮ್ಮ ಒಮ್ಮೆ ಅತಿಥಿಗಳನ್ನು ನೋಡಿದರು, ಒಮ್ಮೆ ಇವಳನ್ನು.

"ಥೂ ನಿನ್ನ. ಕಳ್ಳನ್ನ ನನ್ನ ವಠಾರದಲ್ಲಿ ಇಟ್ಕೊಂಡು ಈಗ ಹೇಳ್ತಿದೀಯಾ? ನಾನು ತಿದ್ದಲ್ಲ. ಪ್ರಸಾದ ಕಣ್ಣಿಗೊತ್ಕೊಂಡು ತಿಂದಿದೀನಿ ನಾನು. ಶ್ರೀಕಂಠನ ಪ್ರಸಾದ ತಿಂದ ಬಾಯಲ್ಲಿ ಸುಳ್ಳಾಡ್ಲಾ?"

"ಅದು ಪ್ರಸಾದ ಅಲ್ಲ ಕಣ್ರಮ್ಮ."

"ಮತ್ತೇನೇ?"

ಹುಚ್ಚಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು, ತೆಗೆದಳು. ಹೇಳಿದರೆ ಸೂರು ಹೋಗುತ್ತದೆಂದು ಗೊತ್ತಿತ್ತು. ಗುರು ಗೋಡೆ ಹಿಡಿದುಕೊಂಡು ಬಂದದ್ದು ಕಣ್ಣೆದುರು ಬಂತು.

"ನಾನೇ ಮಾಡಿದ್ದು. ನನ್ ಒಲೆ ಮೇಲೆ. ನನ್ ಬಾಣಲೇಲಿ ಹುರಿದೆ, ಈ ಕೈಲೇ ಕಲಸಿದೆ. ನೀವು ತಿಂದಿದ್ದು ನಮ್ಮನೆ ತಿಂಡಿ ಅಮ್ಮಾರೇ. ಚೆನ್ನಾಗಿದೆ ಅಂತ ಇನ್ನೊಂದು ಚೂರು ಇಸ್ಕೊಂಡ್ರಿ, ಮರ್ತೋಯ್ತಾ?"

ಮೂರು ವರ್ಷದ ಹಿಂದೆ ತಿಂದದ್ದು ಜಗದಾಂಬಮ್ಮನಿಗೆ ಈಗ ಹೊಟ್ಟೆ ತೊಳಸಿತು. ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದರು. ಪಡಸಾಲೆಯಲ್ಲಿ ಅಂದು ಪ್ರಸಾದ ತಿಂದಿದ್ದ ಇನ್ನಿಬ್ಬರು ಮುಖ ಮುಖ ನೋಡಿಕೊಂಡರು. ವಾಪಸು ಬಂದ ಜಗದಾಂಬಮ್ಮನ ಕಣ್ಣು ಕೆಂಪಾಗಿತ್ತು.

"ಮುಂಡೆ, ಜಾತಿ ಕೆಡಿಸಿಬಿಟ್ಯಲ್ಲೇ! ದೇವರ ಹೆಸರಲ್ಲಿ ತಿನ್ನಿಸಿಬಿಟ್ಯಲ್ಲೇ! ಕಾರ್ ತೆಗಿಯೋ," ಎಂದು ಮಗನಿಗೆ ಕೂಗಿದರು. "ಇವಳನ್ನ ಸುಮ್ನೆ ಬಿಡಲ್ಲ ನಾನು. ಸಾಮಾನೆಲ್ಲ ಬೀದಿಗೆ ಹಾಕಿ!"

ಹಾಕಿದರು. ಒಲೆ, ಬಾಣಲೆ, ಎರಡು ಕೊಡ, ಗುರುವಿನ ಶಾಲೆಯ ಚೀಲ ರಸ್ತೆಗೆ ಬಂದವು. ಸಾಲುಮನೆಯವರು ಬಾಗಿಲ ಸಂದಿಯಲ್ಲಿ ನೋಡಿದರು, ಯಾರೂ ಹೊರಗೆ ಬರಲಿಲ್ಲ. ಹುಚ್ಚಮ್ಮ ಕೊಡದ ಪಕ್ಕ ಕೂತಿದ್ದಾಗಲೇ ಪೊಲೀಸ್ ಜೀಪು ಬಂತು. ಎಷ್ಟು ಬೇಗ ಬಂತೆಂದರೆ, ಇದೇ ಠಾಣೆಗೆ ಜೀಪು ಇದೆಯೆಂದೇ ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಹತ್ತುವಾಗ ತಿರುಗಿ ನೋಡಿದಳು. ನಿಶಾಂತ್ ಇರಲಿಲ್ಲ. ಓಡಿಹೋದ ಎಂದುಕೊಂಡಳು. ಹೋಗಲಿ, ಅವನಾದರೂ ಉಳಿಯಲಿ ಎಂದೂ ಅಂದುಕೊಂಡಳು.

ಠಾಣೆಯಲ್ಲಿ ಜಗದಾಂಬಮ್ಮನಿಗೆ ಕುರ್ಚಿ ಹಾಕಿದ್ದರು, ಟೀ ತರಿಸಿದ್ದರು. ಅದೇ ಎಎಸ್‌ಐ ಬರೆಯುತ್ತಿದ್ದ. ಅವನ ಪೆನ್ನು ಈಗ ನಿಲ್ಲುವ ಹಾಗೆಯೇ ಕಾಣಲಿಲ್ಲ. ಧಾರ್ಮಿಕ ಭಾವನೆಗೆ ಧಕ್ಕೆ, ನಂಬಿಕೆ ದ್ರೋಹ, ಮೋಸ. ಮಗ ನಂಜನಗೂಡಿಗೆ ಹೋಗಿದ್ದಾನೆಂದು ಸುಳ್ಳು ಹೇಳಿದ್ದು, ಪ್ರಸಾದವೆಂದು ಮನೆಯ ತಿಂಡಿ ತಿನ್ನಿಸಿದ್ದು, ಎಲ್ಲವನ್ನೂ ಜಗದಾಂಬಮ್ಮ ಬಿಡಿಸಿ ಬಿಡಿಸಿ ಹೇಳಿದರು, ಕೆಳಗೆ ಚೆಂದದ ಅಕ್ಷರದಲ್ಲಿ ಸಹಿ ಹಾಕಿದರು. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಬೇಕಿತ್ತು, ಟೀ ಕುಡಿಯದೇ ಎದ್ದು ಹೋದರು.

"ಕೇಸ್ ಆದ್ರೆ ಜೈಲಿಗೆ ಹೋಗ್ತೀಯಾ," ಎಂದ ಎಎಸ್‌ಐ. "ಅಮ್ಮಾರು ದೊಡ್ಡ ಮನಸ್ಸು ಮಾಡಿದಾರೆ. ತಪ್ಪಾಯ್ತು ಅಂತ ಮುಚ್ಚಳಿಕೆ ಬರ್ಕೊಡು, ಊರು ಬಿಡು. ಹೋಮ್ ಮೇಲಿನ ಅರ್ಜಿನೂ ವಾಪಸ್ ತಗೋ. ತಿಳೀತಾ?"

ಅಷ್ಟರಲ್ಲಿ ಬಾಗಿಲಲ್ಲಿ ನಿಶಾಂತ್ ಬಂದು ನಿಂತ. ಟೋಪಿ ಇರಲಿಲ್ಲ. ತಲೆ ಪೂರ್ತಿ ಬೋಳಿಸಿಕೊಂಡು ಬಂದಿದ್ದ, ಕತ್ತಿನ ಮೇಲೆ ಇನ್ನೂ ಕೂದಲ ಚೂರು ಅಂಟಿದ್ದವು. ನೆತ್ತಿಯಿಂದ ಕಿವಿಯವರೆಗೆ ಕೂದಲೇ ಹುಟ್ಟದ ಬಿಳಿ ಗುಳಿ, ಅದರ ನಡುವೆ ಹೊಲಿಗೆ ಕಾಣದೆ ತಾನಾಗಿಯೇ ಕೂಡಿಕೊಂಡ ಸುಕ್ಕು ಚರ್ಮ. ಕೈಯಲ್ಲಿ ಫೋನು ಹಿಡಿದಿದ್ದ.

"ಅವ್ವ, ಅಮ್ಮಾರು ನಿನ್ ಮೇಲೆ ದೂರು ಕೊಡಕ್ಕೆ ಹೋದ್ರು ಅಂತ ಮೇಡಂಗೆ ಫೋನಲ್ಲಿ ಹೇಳ್ದೆ. ಜಗದಾಂಬಮ್ಮಾರೇ ಸಹಿ ಹಾಕಿ ಬರ್ಕೊಟ್ಟಿದಾರಾ ಅಂತ ಎರಡೆರಡು ಸಲ ಕೇಳಿದ್ರು. ನಂಜನಗೂಡು ಸುಳ್ಳು ಅಂತ ಅವ್ರೇ ಬರ್ದಿದ್ರೆ, ಮೊದ್ಲು ಕೊಟ್ಟ ಹೇಳಿಕೆನ ನಾನು ನಾಳೆ ಮಂಡಳೀಲಿ ಬೀಳಿಸ್ತೀನಿ ಅಂದ್ರು. ದೂರು ಹಿಂದಕ್ಕೆ ತಗೋಳಕ್ಕೆ ಬಿಡಬೇಡಿ, ನಕಲು ಇಸ್ಕೊಳ್ದೆ ಅಲ್ಲಿಂದ ಏಳಬೇಡಿ ಅಂದ್ರು."

ಎಎಸ್‌ಐ ತಾನು ಬರೆದ ಹಾಳೆಯನ್ನು ನೋಡಿದ. ಮೆಲ್ಲನೆ ಅದನ್ನು ತಿರುಗಿಸಿ ಇಟ್ಟ.

"ಕೇಸ್ ಹಾಕಿ ಸ್ವಾಮಿ," ಎಂದಳು ಹುಚ್ಚಮ್ಮ. "ನನ್ನ ಮೇಲೆ ಹಾಕಿ. ನಾನು ಮೋಸ ಮಾಡಿದ್ದು ನಿಜ. ಜೈಲಿಗೂ ಹೋಗ್ತೀನಿ. ಅಮ್ಮಾರ ದೂರಿನ ನಕಲು ಕೊಡಿ."

"ಏಯ್, ಬಾಯ್ಮುಚ್ಚು. ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತು, ಹೋಗು."

ಮಸಿಯ ಡಬ್ಬಿಯನ್ನು ತಳ್ಳಿದ. ಅವಳು ಹೆಬ್ಬೆಟ್ಟನ್ನು ಮಸಿಗೆ ಒತ್ತಿದಳು. ಮಗನನ್ನು ಹತ್ತಿರ ಕರೆದು, ಎಡಗೈಯಿಂದ ಅವನ ತಲೆಯನ್ನು ಮೇಜಿನ ಮೇಲಿನ ಟ್ಯೂಬ್‌ಲೈಟಿನ ಕೆಳಗೆ ಬಗ್ಗಿಸಿದಳು. ಗಂಧ ಬಳಿದ ದಿನದಿಂದ ಅವಳು ಆ ಜಾಗ ಮುಟ್ಟಿರಲಿಲ್ಲ.

"ಒತ್ತುತೀನಿ. ಪ್ರಸಾದ ಯಾಕೆ ಮಾಡ್ದೆ ಅಂತಾನೂ ಬರೀರಿ. ಗಂಧ ಎಲ್ಲಿ ಹಚ್ಚಿದೆ ಅಂತ ಬರೀರಿ. ಇದು ಒಡೆದೋನ ಹೆಸ್ರು ಬರೀರಿ. ಚಿಕ್ಕೋನು ಇವತ್ತೂ ಅವನ ಕೈಯಲ್ಲೇ ಅವ್ನೆ, ಅದನ್ನೂ ಬರೀರಿ."

"ಅದೆಲ್ಲ ಇದ್ರಲ್ಲಿ ಬರಲ್ಲ."

"ಹಂಗಾದ್ರೆ ಇದೂ ಬರಲ್ಲ," ಎಂದು ಹೆಬ್ಬೆಟ್ಟು ಎತ್ತಿ ಹಿಡಿದಳು.

ಎಎಸ್‌ಐ ಅವಳ ಕೈ ಹಿಡಿದು ಹಾಳೆಗೆ ಎಳೆದ. ಕೊಟ್ಟಿಗೆ ಬಾಚಿದ ಕೈ ಅದು, ಬಗ್ಗಲಿಲ್ಲ. ಅವನು ಬೈದ, ಲಾಠಿ ತಡವಿದ, ಕೊನೆಗೆ ಕೂತುಕೊಂಡ. ಹೊರಗೆ ಬೀದಿಯಲ್ಲಿ ಯಾರೋ ಅವಳ ಬಾಣಲೆಯನ್ನು ಎತ್ತಿಕೊಂಡು ಹೋಗಿರಬಹುದು. ಹೋಮಿನಲ್ಲಿ ಗುರು ಇವತ್ತಿನದನ್ನು ಎಣಿಸುತ್ತಿರಬಹುದು. ಹೆಬ್ಬೆಟ್ಟಿನ ಮಸಿ ಒಣಗುತ್ತ ಬಂತು. ನಿಶಾಂತ್ ಮಸಿಯ ಡಬ್ಬಿಯನ್ನು ಎತ್ತಿ ತಾಯಿಯ ಮುಂದೆ ಹಿಡಿದ. ಅವಳು ಮತ್ತೆ ಅದ್ದಿದಳು, ಮತ್ತೆ ಎತ್ತಿ ಹಿಡಿದಳು.